ರಕ್ತಕ್ಕೆ ಕೊಟ್ಟ ಓಪಿಯಾಯ್ಡ್ ಪೆಪ್ಟೈಡ್ ಕೆಲಸ ಮಾಡಲಿಲ್ಲವೇ? ಎಲ್ಲಿ ಕೈಕೊಟ್ಟಿತು ಎಂದು ಹುಡುಕುವ ಬಗೆ

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಇಲಿಯ ಬಾಲದ ರಕ್ತನಾಳಕ್ಕೆ ಓಪಿಯಾಯ್ಡ್ ಪೆಪ್ಟೈಡ್ (ಮಾರ್ಫಿನ್ ಹಾಗೆ ನೋವು ಕಳೆಯುವ, ಅಮಿನೋ ಆಮ್ಲಗಳ ಸಣ್ಣ ಸರ) ಕೊಟ್ಟಾಯಿತು. ಹದಿನೈದು ನಿಮಿಷ ಕಾದದ್ದೂ ಆಯಿತು. ಬಾಲವನ್ನು ಬಿಸಿ ತಂತಿಯ ಹತ್ತಿರ ಇಟ್ಟರೆ ಎಂದಿನಂತೆ ಮೂರು ಸೆಕೆಂಡಿಗೇ ಎಳೆದುಕೊಂಡಿತು. ಅದೇ ಪೆಪ್ಟೈಡನ್ನು ನೇರವಾಗಿ ಮಿದುಳಿನ ಕುಹರಕ್ಕೆ ಕೊಟ್ಟರೆ ಹತ್ತು ಸೆಕೆಂಡ್ ಆದರೂ ಬಾಲ ಅಲ್ಲಾಡುವುದಿಲ್ಲ. ಆಮೇಲೆ ಥೀಸಿಸ್‌ನಲ್ಲಿ ಒಂದು ಸಾಲು ಬೀಳುತ್ತದೆ: "ಈ ಪೆಪ್ಟೈಡ್ ರಕ್ತ-ಮಿದುಳು ತಡೆಗೋಡೆಯನ್ನು ದಾಟುವುದಿಲ್ಲ."

ಇಷ್ಟು ಬೇಗ ಆ ಸಾಲು ಬರೆಯಬೇಡಿ. ಸೂಜಿಯ ತುದಿಯಿಂದ, ಔಷಧ ಹೋಗಿ ಕೂರಬೇಕಾದ ಕೋಶದ ರಿಸೆಪ್ಟರ್‌ವರೆಗಿನ ದಾರಿಯಲ್ಲಿ, ರಕ್ತದಲ್ಲಿರುವುದು ಮಿದುಳಿಗೆ ನುಗ್ಗದಂತೆ ತಡೆಯುವ ಈ ಗೋಡೆ ಒಂದು ನಿಲ್ದಾಣ ಅಷ್ಟೇ. ಅದಕ್ಕೂ ಮುಂಚೆ ಪೆಪ್ಟೈಡ್ ಹಾಳಾಗಲು ನಾಲ್ಕಾರು ಜಾಗ ಇವೆ, ಆಮೇಲೆ ಇನ್ನೊಂದೆರಡು. ಉಲ್ಟಾ ತಪ್ಪೂ ಅಷ್ಟೇ ಸಾಮಾನ್ಯ. ಪೆಪ್ಟೈಡಿಗೆ ಹಾಕಿದ ವಿಕಿರಣ ಗುರುತಿನ ಕೌಂಟ್ ಮಿದುಳಿನಲ್ಲಿ ಸಿಕ್ಕಿತು ಅಂತ "ದಾಟಿತು" ಎಂದು ಬರೆದುಬಿಡುತ್ತಾರೆ. ಕೆಳಗಿರುವುದು ನಾನು ಹುಡುಕುವ ಕ್ರಮ. ಖರ್ಚು ಕಡಿಮೆ ಇರುವುದು ಮೊದಲು, ದುಬಾರಿಯದು ಕೊನೆಗೆ.

ಮೊದಲು ಬಾಲ, ಸೂಜಿ, ಶೀಶೆ

ನಾಚಿಕೆ ಬಿಟ್ಟು ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಎರಡು ವಾರ ಹಾಳಾಗಿದ್ದು ಬಿಸಿನೀರಿನಿಂದ. ಬಾಲದ ರಕ್ತನಾಳ ಎದ್ದು ಕಾಣಲಿ ಅಂತ ಬಾಲವನ್ನು ಬಿಸಿನೀರಿನಲ್ಲಿ ಅದ್ದುತ್ತಿದ್ದೆವು. ಎಲ್ಲರೂ ಮಾಡುವುದೇ. ಆದರೆ ಬಾಲದ ಚರ್ಮ ಬೆಚ್ಚಗಿದ್ದರೆ ಟೇಲ್ ಫ್ಲಿಕ್ ಸಮಯ (ಬಾಲ ಎಳೆದುಕೊಳ್ಳಲು ಹಿಡಿಯುವ ಹೊತ್ತು) ತಾನಾಗಿಯೇ ಕಡಿಮೆ ಬರುತ್ತದೆ. ಬಿಸಿ ಮುಟ್ಟಬೇಕಾದ ಮಟ್ಟಕ್ಕೆ ಚರ್ಮ ಅರ್ಧ ದಾರಿ ಮೊದಲೇ ಬಂದಿರುತ್ತದೆ, ಅಲ್ವಾ? ಔಷಧ ಅಷ್ಟೋ ಇಷ್ಟೋ ಕೆಲಸ ಮಾಡಿದ್ದರೂ ಅದು ಇದರಲ್ಲಿ ಮುಚ್ಚಿಹೋಗುತ್ತದೆ. ಇಂಜೆಕ್ಷನ್ ಆದ ಮೇಲೆ ಬಾಲ ಕೋಣೆಯ ಬಿಸಿಗೆ ಮರಳುವ ತನಕ ಕಾಯಿರಿ. ಸಲೈನ್ ಕೊಟ್ಟ ಇಲಿಗೂ ಅದೇ ಉಪಚಾರ ಮಾಡಿ.

ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತದೆ. ಇಲಿಯನ್ನು ಹೋಲ್ಡರ್‌ನಲ್ಲಿ ಬಿಗಿಯಾಗಿ ಕೂಡಿಟ್ಟರೆ ಆ ಹೆದರಿಕೆಗೇ ಅದರ ನೋವು ಕಡಿಮೆಯಾಗುತ್ತದೆ. ಅದರ ಮೈಯಲ್ಲೇ ಇರುವ ಓಪಿಯಾಯ್ಡ್‌ಗಳು ಹೊರಬರುತ್ತವೆ. ಓಪಿಯಾಯ್ಡ್ ರಿಸೆಪ್ಟರನ್ನು ತಡೆಯುವ ನಲೋಕ್ಸೋನ್ ಕೊಟ್ಟರೆ ಇದೂ ಸ್ವಲ್ಪಮಟ್ಟಿಗೆ ಹೋಗುತ್ತದೆ. ಹಾಗಾಗಿ "ನಲೋಕ್ಸೋನ್‌ಗೆ ಮಣಿಯಿತು, ಅಂದರೆ ನನ್ನ ಪೆಪ್ಟೈಡೇ" ಎನ್ನುವ ತರ್ಕ ಸಲೈನ್ ಗುಂಪು ಇಲ್ಲದೆ ನಿಲ್ಲುವುದಿಲ್ಲ. ಪರೀಕ್ಷೆಗೆ ಮುಂಚೆ ಎರಡು ಮೂರು ದಿನ ಇಲಿಗಳನ್ನು ಹೋಲ್ಡರ್‌ಗೆ ಒಗ್ಗಿಸಿ.

ಉಪಕರಣ ಸರಿ ಇದೆಯೇ ಎಂದು ನೋಡಲು, ಮಿದುಳಿಗೆ ಹೋಗುತ್ತದೆ ಎಂದು ಗೊತ್ತಿರುವ ಒಂದು ಔಷಧ ಬೇಕು. ಮಾರ್ಫಿನ್ ಸಿಗುವುದು ಕಷ್ಟವಾದ ಕಡೆ ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಪೆಂಟಜೋಸಿನ್ ಬಳಸುತ್ತಾರೆ. ಅದೂ ಕೆಲಸ ಮಾಡದಿದ್ದರೆ ಪೆಪ್ಟೈಡನ್ನು ಬೈಯಬೇಡಿ. ಬಾಲಕ್ಕೆ ಬಿಸಿ ಕೊಡುವ ಅನಲ್ಜೆಸಿಯೋಮೀಟರಿನ ತಂತಿಯ ಕರೆಂಟ್ ನೋಡಿ.

ಇಲಿಯನ್ನು ಬಿಸಿ ತಟ್ಟೆಯ ಮೇಲೆ ಬಿಡುವ ಎಡ್ಡಿ ಹಾಟ್ ಪ್ಲೇಟ್ ಪರೀಕ್ಷೆಯನ್ನೂ 55 ಡಿಗ್ರಿಯಲ್ಲಿ ಒಮ್ಮೆ ಮಾಡಿ. ಟೇಲ್ ಫ್ಲಿಕ್ ಬಹುಮಟ್ಟಿಗೆ ಬೆನ್ನುಹುರಿಯ ಪ್ರತಿವರ್ತನೆ. ಹಾಟ್ ಪ್ಲೇಟಿನಲ್ಲಿ ಇಲಿ ಕಾಲು ನೆಕ್ಕುವುದಕ್ಕೆ, ಜಿಗಿಯುವುದಕ್ಕೆ ಮಿದುಳು ಬೇಕು. ಮಿದುಳಿನ ಪ್ರಶ್ನೆ ಕೇಳುತ್ತಾ ಬರೀ ಬೆನ್ನುಹುರಿಯ ಉತ್ತರ ಹಿಡಿದುಕೊಂಡು ಕೂರಬಾರದು.

ಇನ್ನು ಶೀಶೆ. ಲೇಬಲ್ ಮೇಲೆ 5 ಮಿಲಿಗ್ರಾಂ ಅಂದರೆ ಒಳಗೆ 5 ಮಿಲಿಗ್ರಾಂ ಪೆಪ್ಟೈಡ್ ಎಂದು ನಂಬಬೇಡಿ. ಟ್ರೈಫ್ಲೋರೋಅಸಿಟಿಕ್ ಆಮ್ಲದ ಉಪ್ಪು, ನೀರಿನ ಅಂಶ ಎಲ್ಲ ಆ ತೂಕದಲ್ಲಿ ಸೇರಿರುತ್ತದೆ. ಸರ್ಟಿಫಿಕೇಟ್‌ನಲ್ಲಿ ನಿವ್ವಳ ಪೆಪ್ಟೈಡ್ ಎಷ್ಟು ಎಂದು ಹುಡುಕಿ, ಡೋಸ್ ತಿದ್ದಿ. ಶುದ್ಧತೆ 98 ಶೇಕಡ ಎಂದು ಬರೆದಿರುವುದು ಬೇರೆಯೇ ಲೆಕ್ಕ, ಎರಡನ್ನೂ ಕಲಸಬೇಡಿ. ತೀರಾ ತೆಳುವಾಗಿ ಕರಗಿಸಿದ ಪೆಪ್ಟೈಡ್ ಗಾಜಿಗೂ ಪ್ಲಾಸ್ಟಿಕ್‌ಗೂ ಅಂಟಿಕೊಳ್ಳುತ್ತದೆ. ಹೆಚ್ಚು ಅಂಟದ ಟ್ಯೂಬ್ ಬಳಸಿ, ಇಲ್ಲವೇ ಸ್ವಲ್ಪ ಆಲ್ಬುಮಿನ್ ಸೇರಿಸಿ. ಸಿರಿಂಜಿನಿಂದ ಹೊರಬಂದ ಹನಿಯನ್ನೇ ಒಮ್ಮೆ ಅಳೆದು ನೋಡಿದರೆ ಅನುಮಾನವೇ ಇರುವುದಿಲ್ಲ.

ರಕ್ತದಲ್ಲಿ ಅದು ಜೀವಂತವಾಗಿತ್ತೇ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎರಡು ಎನ್‌ಕೆಫಲಿನ್‌ಗಳನ್ನು ಬೇರ್ಪಡಿಸಿ ಅವುಗಳ ರಚನೆ ತಿಳಿಸಿದರು. ಐದೈದು ಅಮಿನೋ ಆಮ್ಲಗಳ ಸಣ್ಣ ಸರ: ಟೈರೋಸಿನ್, ಗ್ಲೈಸಿನ್, ಗ್ಲೈಸಿನ್, ಫಿನೈಲ್‌ಅಲನೀನ್, ಕೊನೆಗೆ ಮೆಥಿಯೋನಿನ್ ಅಥವಾ ಲ್ಯೂಸಿನ್. ಮೈಯದೇ ಮಾರ್ಫಿನ್ ಸಿಕ್ಕಿತು, ಇನ್ನು ಚಟ ಹಿಡಿಸದ ನೋವಿನ ಔಷಧ ಬಂದೇಬಿಟ್ಟಿತು ಎಂದು ಜನ ಹಿಗ್ಗಿದರು. ಆದರೆ ಎನ್‌ಕೆಫಲಿನನ್ನು ನೇರ ಮಿದುಳಿಗೆ ಕೊಟ್ಟರೂ ನೋವು ಕಡಿಮೆಯಾದದ್ದು ಸ್ವಲ್ಪ ಹೊತ್ತು ಮಾತ್ರ. ಮೂಳೆ ಕಂಡ ನಾಯಿಗಳ ಹಾಗೆ ಕಿಣ್ವಗಳು ಅದರ ಮೇಲೆ ಬೀಳುತ್ತವೆ. ಅಮಿನೋಪೆಪ್ಟಿಡೇಸ್ ಮೊದಲ ಟೈರೋಸಿನನ್ನು ಕತ್ತರಿಸುತ್ತದೆ. ನೆಪ್ರಿಲೈಸಿನ್ ಮೂರನೆಯ ಜಾಗದ ಗ್ಲೈಸಿನ್ ಮತ್ತು ಫಿನೈಲ್‌ಅಲನೀನ್ ನಡುವೆ ಕಚ್ಚುತ್ತದೆ. ಟೈರೋಸಿನ್ ಹೋಯಿತೆಂದರೆ ಓಪಿಯಾಯ್ಡ್ ಗುಣವೂ ಹೋಯಿತು.

ಮರುವರ್ಷವೇ ಉಪಾಯ ಹೊಳೆಯಿತು. ಕ್ಯಾಂಡೇಸ್ ಪರ್ಟ್ ಮತ್ತು ಸಂಗಡಿಗರು ಎರಡನೆಯ ಜಾಗದ ಗ್ಲೈಸಿನ್ ತೆಗೆದು ಡಿ-ಅಲನೀನ್ ಇಟ್ಟರು, ಸರದ ಕೊನೆಯ ತುದಿಯನ್ನು ಅಮೈಡ್ ಮಾಡಿದರು. ಬಲಗಾಲಿಗೆ ಹಾಕಿದ ಎಡಗಾಲಿನ ಚಪ್ಪಲಿಯಂತೆ, ಕನ್ನಡಿಯಲ್ಲಿ ತಿರುಗಿದ ರೂಪದ ಆ ಅಮಿನೋ ಆಮ್ಲ ಕಿಣ್ವದ ಬಾಯಿಗೆ ಸರಿಯಾಗಿ ಕೂರುವುದಿಲ್ಲ. ಮಿದುಳಿಗೆ ಕೊಟ್ಟಾಗ ನೋವು ಹೆಚ್ಚು ಹೊತ್ತು ದೂರ ಇತ್ತು. ಬ್ರೆಜಿಲ್ ಕಡೆಯ ಮರಗಪ್ಪೆ ಈ ಉಪಾಯವನ್ನು ನಮಗಿಂತ ಮೊದಲೇ ಕಂಡುಕೊಂಡಿತ್ತು. ಅದರ ಚರ್ಮದಲ್ಲಿ ಸಿಕ್ಕ ಡರ್ಮಾರ್ಫಿನ್‌ನಲ್ಲೂ ಎರಡನೆಯ ಜಾಗದಲ್ಲಿ ಡಿ-ಅಲನೀನ್ ಇದೆ.

ನಿಮ್ಮ ಪರೀಕ್ಷೆಗೆ ಇದರ ಅರ್ಥ ಇಷ್ಟು. ರಕ್ತ ತೆಗೆದು ನೋಡಿ. 1, 5, 15, 30 ನಿಮಿಷಕ್ಕೆ. ಟ್ಯೂಬಿನಲ್ಲಿ ಮೊದಲೇ ಇಡಿಟಿಎ ಮತ್ತು ಕಿಣ್ವ ತಡೆಯುವ ಮಿಶ್ರಣ ಇರಲಿ, ಟ್ಯೂಬ್ ಐಸ್ ಮೇಲೆ ಇರಲಿ. ಇಲ್ಲದಿದ್ದರೆ ಇಲಿಯ ಮೈಯಲ್ಲಿ ಸಾಯದ ಪೆಪ್ಟೈಡ್ ನಿಮ್ಮ ಟ್ಯೂಬಿನಲ್ಲಿ ಸಾಯುತ್ತದೆ. ಐದನೇ ನಿಮಿಷಕ್ಕೇ ರಕ್ತ ಖಾಲಿ ಎಂದಾದರೆ ತಡೆಗೋಡೆಯ ಬಗ್ಗೆ ನಿಮಗೆ ಹೇಳಲು ಏನೂ ಇಲ್ಲ. ಬಾಗಿಲಿನವರೆಗೆ ಬಾರದವರನ್ನು ಒಳಗೆ ಬಿಟ್ಟರೋ ಇಲ್ಲವೋ ಎಂದು ಕೇಳಿ ಏನು ಪ್ರಯೋಜನ?

ಕರುಳನ್ನು ಕೇಳಿ

ರಕ್ತದಲ್ಲಿನ ಪೆಪ್ಟೈಡ್ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲದವರಿಗೆ ಒಂದು ಅಗ್ಗದ ದಾರಿ ಇದೆ. ಓಪಿಯಾಯ್ಡ್ ರಿಸೆಪ್ಟರ್ ಮಿದುಳಿನಲ್ಲಿ ಮಾತ್ರವಲ್ಲ, ಕರುಳಿನ ನರಗಳಲ್ಲೂ ಇದೆ. ಕರುಳಿಗೆ ಆ ಗೋಡೆ ಇಲ್ಲ. ಪೆಪ್ಟೈಡ್ ಕೊಟ್ಟ ಮೇಲೆ ಇಲಿಗೆ ಇದ್ದಿಲು ಪುಡಿಯ ಗಂಜಿ ಕುಡಿಸಿ, 20-30 ನಿಮಿಷದ ನಂತರ ಕರಿ ಎಷ್ಟು ದೂರ ಹೋಗಿದೆ ಎಂದು ಅಳೆಯಿರಿ.

ಮಾರ್ಫಿನ್ ಹಿಡಿಯುವ ಮ್ಯೂ ಎಂಬ ಬಗೆಯ ರಿಸೆಪ್ಟರ್ ಮೇಲೆ ಕೆಲಸ ಮಾಡುವ ಪೆಪ್ಟೈಡ್ ಆದರೆ ಇದು ಬಹಳ ಹೇಳುತ್ತದೆ. ಕರುಳು ನಿಧಾನವಾಯಿತು, ಬಾಲ ಮಾತ್ರ ಎಂದಿನಂತೆ ಎಂದಾದರೆ ಪೆಪ್ಟೈಡ್ ರಕ್ತದಲ್ಲಿ ಇತ್ತು, ಜೀವಂತವಾಗಿತ್ತು, ರಿಸೆಪ್ಟರನ್ನೂ ಹಿಡಿಯಿತು. ಈಗ ಗೋಡೆಯ ಮೇಲೆ ಅನುಮಾನ ಪಡಲು ನಿಮಗೆ ಹಕ್ಕು ಬಂತು. ಕರುಳೂ ಎಂದಿನಂತೆ ಓಡಿತು ಎಂದಾದರೆ ಹಿಂದಕ್ಕೆ ಹೋಗಿ ಶೀಶೆ, ಡೋಸ್, ರಕ್ತ ಮತ್ತೆ ನೋಡಿ. ಭೇದಿ ನಿಲ್ಲಿಸಲು ಎಲ್ಲರ ಮನೆಯಲ್ಲೂ ಇರುವ ಲೋಪೆರಮೈಡ್ ಮಾತ್ರೆ ಪೆಪ್ಟೈಡ್ ಅಲ್ಲದಿದ್ದರೂ ಇದೇ ಚಿತ್ರ ಕೊಡುತ್ತದೆ. ಕರುಳು ಹಿಡಿಯುತ್ತದೆ, ಮಿದುಳನ್ನು ಬಿಡುತ್ತದೆ. ಹೋಲಿಕೆಗೆ ಅದನ್ನೇ ಒಂದು ಗುಂಪಿಗೆ ಕೊಡಬಹುದು.

ನೋವು ಕಡಿಮೆಯಾದಾಗಲೂ ಇದೇ ಎಚ್ಚರ ಬೇಕು. ಊದಿಕೊಂಡ ಪಾದದಲ್ಲಿ ನೋವಿನ ನರದ ತುದಿಗಳಲ್ಲೇ ಓಪಿಯಾಯ್ಡ್ ರಿಸೆಪ್ಟರ್‌ಗಳು ಕೆಲಸ ಮಾಡುತ್ತವೆ. ಊತ ಬರಿಸುವ ಕ್ಯಾರಜೀನನ್ ಚುಚ್ಚಿದ ಪಾದದಲ್ಲಿ ಪೆಪ್ಟೈಡ್ ಗೆದ್ದಿತು ಎಂದ ಮಾತ್ರಕ್ಕೆ ಅದು ಮಿದುಳಿಗೆ ಹೋಯಿತು ಎಂದಲ್ಲ. ಎರಡು ಗುಂಪು ಮಾಡಿ: ಒಂದಕ್ಕೆ ನಲೋಕ್ಸೋನ್, ಇನ್ನೊಂದಕ್ಕೆ ನಲೋಕ್ಸೋನ್ ಮೆಥಯೋಡೈಡ್. ಎರಡನೆಯದು ಸದಾ ಧನ ಆವೇಶ ಹೊತ್ತಿರುವುದರಿಂದ ಮಿದುಳಿಗೆ ತೀರಾ ಕಡಿಮೆ ಹೋಗುತ್ತದೆ. ಎರಡೂ ತಡೆದರೆ ಕೆಲಸ ಹೊರಗಡೆಯದು. ನಲೋಕ್ಸೋನ್ ಮಾತ್ರ ತಡೆದರೆ ಒಳಗಿನದು. ಡೋಸ್ ಸುಮ್ನೆ ಏರಿಸುತ್ತಾ ಹೋದರೆ ಮೆಥಯೋಡೈಡ್ ಕೂಡ ಒಳಗೆ ಜಿನುಗುತ್ತದೆ, ಆಗ ಈ ಪರೀಕ್ಷೆಗೆ ಬೆಲೆ ಇಲ್ಲ.

ಈ ಹೆಚ್ಚುವರಿ ಗುಂಪುಗಳನ್ನೆಲ್ಲ ಪ್ರಾಣಿ ನೈತಿಕ ಸಮಿತಿಯ ಅರ್ಜಿಯಲ್ಲಿ ಮೊದಲೇ ಬರೆಯಿರಿ. ನಡುವೆ ನೆನಪಾದರೆ ಮುಂದಿನ ಸಭೆಯ ತನಕ ಕೂರಬೇಕಾಗುತ್ತದೆ.

ಮಿದುಳಿನಲ್ಲಿ ಕೌಂಟ್ ಬಂತು. ನಂಬಬಹುದೇ?

ಅತಿ ಹೆಚ್ಚು ಜನ ಜಾರಿಬೀಳುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲ ಮೋಸ ರಕ್ತದ್ದು. ತೊಳೆಯದ ಮಿದುಳಿನ ಒಂದು ಗ್ರಾಂನಲ್ಲಿ 10-20 ಮೈಕ್ರೋಲೀಟರ್ ರಕ್ತ ರಕ್ತನಾಳಗಳ ಒಳಗೇ ಉಳಿದಿರುತ್ತದೆ. ಲೆಕ್ಕ ಮಾಡಿ. ರಕ್ತದಲ್ಲಿ ಒಂದು ಮಿಲಿಲೀಟರ್‌ಗೆ 1000 ನ್ಯಾನೋಗ್ರಾಂ ಪೆಪ್ಟೈಡ್ ಇದೆ ಎನ್ನಿ. ಒಂದು ಕಣವೂ ಗೋಡೆ ದಾಟದಿದ್ದರೂ ಮಿದುಳು ಅರೆದು ಅಳೆದಾಗ ಗ್ರಾಂಗೆ 10ರಿಂದ 20 ನ್ಯಾನೋಗ್ರಾಂ ಬಂದೇ ಬರುತ್ತದೆ. ಮಿದುಳು-ರಕ್ತ ಅನುಪಾತ 0.01-0.02 ಆಸುಪಾಸು ಬಂದರೆ ಸಿಹಿ ಹಂಚಬೇಡಿ. ಹೃದಯದ ಮೂಲಕ ಸಲೈನ್ ಹಾಯಿಸಿ ರಕ್ತ ತೊಳೆಯಿರಿ, ಜೊತೆಗೆ ಗೋಡೆ ದಾಟದ ಆಲ್ಬುಮಿನ್ ಅಥವಾ ತೀರಾ ನಿಧಾನ ದಾಟುವ ಸುಕ್ರೋಸ್ ಕೊಟ್ಟು ಅದರ ಪಾಲನ್ನು ಕಳೆಯಿರಿ.

ಎರಡನೆಯ ಮೋಸ ಅಂಟು. ಪೆಪ್ಟೈಡ್, ಅದರಲ್ಲೂ ಧನ ಆವೇಶದ್ದು, ಲೋಮನಾಳದ ಒಳಗೋಡೆಗೆ ಅಂಟಿಕೊಂಡು ಕೂತಿರಬಹುದು. ತೊಳೆದರೂ ಹೋಗುವುದಿಲ್ಲ, ಮಿದುಳಿನ ಕೋಶಗಳನ್ನೂ ಮುಟ್ಟಿರುವುದಿಲ್ಲ. ಇದಕ್ಕೆ 1990ರಲ್ಲಿ ಟ್ರಿಗೆರೋ, ಬುಸಿಯಾಕ್, ಪಾರ್ಡ್ರಿಜ್ ಒಂದು ಸರಳ ದಾರಿ ಕೊಟ್ಟರು. ಅರೆದ ಮಿದುಳನ್ನು ಡೆಕ್ಸ್‌ಟ್ರಾನ್ ದ್ರಾವಣದಲ್ಲಿ ಸೆಂಟ್ರಿಫ್ಯೂಜ್ ಮಾಡಿದರೆ ಲೋಮನಾಳಗಳು ತಳಕ್ಕೆ ಇಳಿಯುತ್ತವೆ, ಮಿದುಳಿನ ತಿರುಳು ಮೇಲೆ ಉಳಿಯುತ್ತದೆ. ಕೌಂಟ್ ತಳದಲ್ಲಿ ಸಿಕ್ಕರೆ ಪೆಪ್ಟೈಡ್ ಇನ್ನೂ ಹೊಸ್ತಿಲಲ್ಲೇ ಇದೆ.

ಮೂರನೆಯದು ನನಗೆ ಅತ್ಯಂತ ಇಷ್ಟವಾದ ಮೋಸ. ಓಪಿಯಾಯ್ಡ್ ಪೆಪ್ಟೈಡ್‌ಗಳ ತಲೆಯಲ್ಲಿ ಟೈರೋಸಿನ್ ಇರುತ್ತದೆ ಎಂದೆನಲ್ಲ. ಟ್ರಿಷಿಯಂ ಆಗಲಿ ಅಯೋಡಿನ್-125 ಆಗಲಿ, ಗುರುತು ಹಾಕುವುದು ಸಾಮಾನ್ಯವಾಗಿ ಆ ಟೈರೋಸಿನ್ ಮೇಲೆಯೇ. ಕಿಣ್ವ ಮೊದಲು ಕತ್ತರಿಸುವುದೂ ಅದನ್ನೇ! ಹಾಗೆ ಬಿಡುಗಡೆಯಾದ ಟೈರೋಸಿನ್‌ಗೆ ಮಿದುಳಿನ ಬಾಗಿಲಲ್ಲಿ ರಾಜಮರ್ಯಾದೆ. ದೊಡ್ಡ ಅಮಿನೋ ಆಮ್ಲಗಳನ್ನು ಒಳಗೆ ಕರೆದೊಯ್ಯುವ ಎಲ್‌ಎಟಿ1 ಎಂಬ ವಾಹಕ ಅದನ್ನು ಹೊತ್ತುಕೊಂಡು ಹೋಗುತ್ತದೆ. ನಿಮ್ಮ ಕೌಂಟರ್‌ನಲ್ಲಿ ಸಂಖ್ಯೆ ಚೆನ್ನಾಗಿ ಏರುತ್ತದೆ. ಪೆಪ್ಟೈಡ್ ಮಾತ್ರ ರಕ್ತದಲ್ಲೇ ಚೂರಾಗಿ ಬಿದ್ದಿರುತ್ತದೆ. ಅಯೋಡಿನ್ ಆದರೆ ಇನ್ನೊಂದು ತೊಂದರೆ: ಟೈರೋಸಿನ್ ಮೇಲೆ ಅಯೋಡಿನ್ ಕೂತ ಪೆಪ್ಟೈಡ್ ರಿಸೆಪ್ಟರಿನ ಮೇಲಿನ ಹಿಡಿತವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಅಂದರೆ ನೀವು ಹಿಂಬಾಲಿಸುತ್ತಿರುವುದು ನೀವು ಪರೀಕ್ಷಿಸುತ್ತಿರುವ ಔಷಧವನ್ನೇ ಅಲ್ಲ. ಮಿದುಳಿನ ಸಾರವನ್ನು, ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿಯಲ್ಲಿ ಓಡಿಸಿ, ಇಡೀ ಪೆಪ್ಟೈಡಿನ ಜಾಗದಲ್ಲೇ ಕೌಂಟ್ ಬಂತೇ ಎಂದು ನೋಡದೆ ಮುಂದೆ ಹೋಗಬೇಡಿ.

ಈಗ ಗೋಡೆ

ಗೋಡೆ ಎಲ್ಲಿದೆ ಎಂಬುದು 1967ರಲ್ಲಿ ರೀಸ್ ಮತ್ತು ಕರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಸ್ಪಷ್ಟವಾಯಿತು. ಲೋಮನಾಳದ ಒಳಪದರದ ಕೋಶಗಳು ಒಂದಕ್ಕೊಂದು ಹೊಲಿದಂತೆ ಬಿಗಿಯಾಗಿ ಸೇರಿಕೊಂಡಿವೆ. ಸಂದಿಯಲ್ಲಿ ನುಸುಳಲು ಆಗುವುದಿಲ್ಲ. ಕೋಶದ ಕೊಬ್ಬಿನ ಪೊರೆಯ ಮೂಲಕವೇ ಹೋಗಬೇಕು, ಇಲ್ಲವೇ ಯಾರಾದರೂ ಹೊತ್ತುಕೊಂಡು ಹೋಗಬೇಕು. ಪೆಪ್ಟೈಡಿನ ಬೆನ್ನಿನ ಉದ್ದಕ್ಕೂ ನೀರಿಗೆ ಅಂಟುವ ಕೊಂಡಿಗಳು. ಕೊಬ್ಬಿನೊಳಗೆ ಇಳಿಯಲು ಅದು ಒಪ್ಪುವುದಿಲ್ಲ.

ಹಾಗಂತ "ದಾಟುತ್ತದೆ", "ದಾಟುವುದಿಲ್ಲ" ಎಂಬ ಎರಡೇ ಉತ್ತರ ಇಟ್ಟುಕೊಂಡರೆ ದಾರಿ ತಪ್ಪುತ್ತೀರಿ. 1972ರಲ್ಲಿ ಓಲ್ಡೆಂಡಾರ್ಫ್ ಇಲಿಯ ಕತ್ತಿನ ಅಪಧಮನಿಗೆ ಔಷಧ ಕೊಟ್ಟು ಒಂದೇ ಸುತ್ತಿನಲ್ಲಿ ಮಿದುಳು ಎಷ್ಟು ಹಿಡಿಯಿತು ಎಂದು ಅಳೆದರು. ಹೆರಾಯಿನ್ 68 ಶೇಕಡ, ಕೊಡೀನ್ 24 ಶೇಕಡ. ಮಾರ್ಫಿನ್ ಅಳೆಯಲೂ ಆಗದಷ್ಟು ಕಡಿಮೆ! ಆದರೂ ಮಾರ್ಫಿನ್ ನೋವು ಕಳೆಯುತ್ತದೆ, ಅಲ್ವಾ? ನಿಧಾನವಾಗಿ, ಸ್ವಲ್ಪಸ್ವಲ್ಪವಾಗಿ ಹೋದದ್ದೇ ಅದಕ್ಕೆ ಸಾಕು. ಹಾಗಾಗಿ ಕೇಳಬೇಕಾದ ಪ್ರಶ್ನೆ: ಎಷ್ಟು ಬೇಗ, ಎಷ್ಟು, ಮತ್ತು ಆ ಎಷ್ಟು ರಿಸೆಪ್ಟರಿಗೆ ಸಾಕೇ? ಒಂದೇ ಹೊತ್ತಿನ ಅಳತೆ ಇದಕ್ಕೆ ಉತ್ತರ ಕೊಡುವುದಿಲ್ಲ. ಹಲವು ಹೊತ್ತಿಗೆ ಮಿದುಳು-ರಕ್ತ ಅನುಪಾತ ತೆಗೆದು ಗೆರೆ ಎಳೆಯಿರಿ. ಗೆರೆಯ ಏರಿಕೆ ಒಳಹೋಗುವ ವೇಗ ತಿಳಿಸುತ್ತದೆ. ಗೆರೆ ಮಲಗಿದ್ದರೆ ಒಳಗೆ ಹೋಗುತ್ತಿಲ್ಲ, ಇಲ್ಲವೇ ಹೋದಷ್ಟೇ ಹೊರಬರುತ್ತಿದೆ.

(ಎ2 ಹಾಲಿನ ಜಾಹೀರಾತಿನಲ್ಲಿ ಹೆದರಿಸುವ ಬೀಟಾ-ಕ್ಯಾಸೋಮಾರ್ಫಿನ್-7 ಕೂಡ ಏಳು ಅಮಿನೋ ಆಮ್ಲಗಳ ಓಪಿಯಾಯ್ಡ್ ಪೆಪ್ಟೈಡೇ. ಈ ಕೈಪಿಡಿಯ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳಬಹುದು, ಜೊತೆಗೆ ಕರುಳನ್ನು ದಾಟಿತೇ ಎಂಬ ಇನ್ನೊಂದನ್ನು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲಿ ಪರಿಶೀಲಿಸಿ, ಅದಕ್ಕೂ ರೋಗಗಳಿಗೂ ಕಾರಣ-ಪರಿಣಾಮದ ನಂಟು ಸಾಬೀತಾಗಿಲ್ಲ ಎಂದಿತು.)

ಒಳಗೆ ಹೋಗಿ ಹೊರಬಿತ್ತೇ?

ಗೋಡೆಯಲ್ಲಿ ಬಾಗಿಲು ಕಾಯುವವರೂ ಇದ್ದಾರೆ. ಅವರಲ್ಲಿ ಜೋರಿನವನು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್. ಒಳಗೆ ಕಾಲಿಟ್ಟದ್ದನ್ನು ಕತ್ತಿನ ಪಟ್ಟಿ ಹಿಡಿದು ಮತ್ತೆ ರಕ್ತಕ್ಕೆ ತಳ್ಳುತ್ತದೆ. ಇದರ ಮಹತ್ವ ಗೊತ್ತಾದದ್ದು ಆಕಸ್ಮಿಕವಾಗಿ. ಆಮ್ಸ್ಟರ್‌ಡ್ಯಾಮ್‌ನಲ್ಲಿ ಶಿಂಕೆಲ್ ತಂಡ ಈ ಪಂಪ್ ತಯಾರಿಸುವ ಎಂಡಿಆರ್1ಎ ಜೀನ್ ಇಲ್ಲದ ಇಲಿಗಳನ್ನು ಸಾಕಿತ್ತು. ನುಸಿ ಹತ್ತಿತೆಂದು ಐವರ್ಮೆಕ್ಟಿನ್ ಕೊಟ್ಟರು. ಉಳಿದ ಇಲಿಗಳಿಗೆ ಏನೂ ಆಗಲಿಲ್ಲ, ಆ ಜೀನ್ ಇಲ್ಲದವು ಸತ್ತವು. ಔಷಧ ಮಿದುಳಿಗೆ ನುಗ್ಗಿತ್ತು. 1994ರಲ್ಲಿ ಇದು ಪ್ರಕಟವಾಯಿತು. ಲೋಪೆರಮೈಡ್ ಕೊಟ್ಟರೂ ಅಂಥ ಇಲಿಗಳು ಮಾರ್ಫಿನ್ ಕೊಟ್ಟ ಹಾಗೆ ಆಡುತ್ತವೆ.

ಪೆಪ್ಟೈಡ್‌ಗಳೂ ಇದರ ಕೈಗೆ ಸಿಗುತ್ತವೆ. ಡಿಪಿಡಿಪಿಇ ಎಂಬುದು ಎರಡು ಪೆನಿಸಿಲಮೈನ್‌ಗಳನ್ನು ಸೇರಿಸಿ ಉಂಗುರ ಮಾಡಿದ ಎನ್‌ಕೆಫಲಿನ್. ಕಿಣ್ವಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದರೂ ರಕ್ತಕ್ಕೆ ಕೊಟ್ಟಾಗ ಸಪ್ಪೆ. 1998ರಲ್ಲಿ ಚೆನ್ ಮತ್ತು ಪೊಲ್ಯಾಕ್ ಎಂಡಿಆರ್1ಎ ಇಲ್ಲದ ಇಲಿಗಳಿಗೆ ಅದನ್ನೇ ಕೊಟ್ಟಾಗ ಮಿದುಳಿನಲ್ಲಿ ಅದು ಜಾಸ್ತಿ ಸೇರಿತು, ನೋವೂ ಚೆನ್ನಾಗಿ ಕಡಿಮೆಯಾಯಿತು. ಅಂಥ ಇಲಿ ಸಿಗದಿದ್ದರೆ ಸೈಕ್ಲೋಸ್ಪೋರಿನ್‌ನಂಥ ತಡೆ ಕೊಟ್ಟು ನೋಡಿ. ಆದರೆ ತಡೆ ಕೊಟ್ಟಾಗ ರಕ್ತದ ಮಟ್ಟವೂ ಏರಬಹುದು, ಅದನ್ನು ಅಳೆಯದೆ "ಪಂಪ್ ನಿಂತಿತು" ಎನ್ನಬೇಡಿ.

ಮಿದುಳಿನಿಂದ ರಕ್ತಕ್ಕೆ ಹೊರುವ ಬೇರೆ ವಾಹಕಗಳೂ ಇವೆ. ಮೆಟ್-ಎನ್‌ಕೆಫಲಿನನ್ನು (ಮೆಥಿಯೋನಿನ್ ತುದಿಯದು) ಹೊರಗೆ ಸಾಗಿಸುವ ಪಿಟಿಎಸ್-1 ಎಂಬ ವ್ಯವಸ್ಥೆಯನ್ನು ಬ್ಯಾಂಕ್ಸ್ ಮತ್ತು ಕಾಸ್ಟಿನ್ ವಿವರಿಸಿದರು. ಪತ್ತೆ ಮಾಡುವುದು ಹೀಗೆ: ಗುರುತಿನ ಪೆಪ್ಟೈಡ್ ಜೊತೆ ಗುರುತಿಲ್ಲದ ಅದೇ ಪೆಪ್ಟೈಡನ್ನು ದಂಡಿಯಾಗಿ ಕೊಡಿ. ಮಿದುಳಿನ ಕೌಂಟ್ ಇಳಿದರೆ ಒಳಗೆ ಹೊರುವ ವಾಹಕ ಇದೆ. ಏರಿದರೆ ಹೊರಗೆ ತಳ್ಳುವವನು ಸುಸ್ತಾದ ಎಂದರ್ಥ.

ಗೆದ್ದಿತು ಅನ್ನಿಸಿದಾಗ

ಡಲಾರ್ಜಿನ್ ಎಂಬ ಆರು ಅಮಿನೋ ಆಮ್ಲಗಳ ಪೆಪ್ಟೈಡ್ ರಕ್ತಕ್ಕೆ ಕೊಟ್ಟರೆ ಇಲಿಯ ನೋವು ಕಡಿಮೆಯಾಗುವುದಿಲ್ಲ. 1990ರ ದಶಕದಲ್ಲಿ ಜರ್ಮನಿಯ ಕ್ರಾಯ್ಟರ್ ತಂಡ ಅದನ್ನು ನ್ಯಾನೋಕಣಗಳ ಮೇಲೆ ಕೂರಿಸಿ ಪಾಲಿಸಾರ್ಬೇಟ್ 80 ಲೇಪಿಸಿ ಕೊಟ್ಟಿತು. ನೋವು ಕಡಿಮೆಯಾಯಿತು. ದೊಡ್ಡ ಸುದ್ದಿ. 1999ರಲ್ಲಿ ಒಲಿವಿಯೆ ಮತ್ತು ಸಂಗಡಿಗರು ಬೇರೆಯೇ ಪ್ರಶ್ನೆ ಕೇಳಿದರು: ಕಣಗಳ ವಿಷಕ್ಕೆ ಗೋಡೆಯೇ ಸೋರಿತೇ? ಆ ಜಗಳದ ಪಂಚಾಯಿತಿಗೆ ನಾನು ಹೋಗುವುದಿಲ್ಲ. ನಿಮ್ಮ ಲ್ಯಾಬಿಗೆ ಬೇಕಾದ ಪಾಠ ಚಿಕ್ಕದು. ಪೆಪ್ಟೈಡ್ ಕರಗಲಿ ಎಂದು ನೀವು ಸುರಿದ ಡಿಎಂಎಸ್‌ಓ, ಟ್ವೀನ್ 80 (ಇದೇ ಪಾಲಿಸಾರ್ಬೇಟ್ 80) ಕೂಡ ಗೋಡೆಯನ್ನು ಸಡಿಲಿಸಬಲ್ಲವು. ಆ ದ್ರಾವಣದಲ್ಲೇ ಸುಕ್ರೋಸ್ ಕೊಡಿ. ಸುಕ್ರೋಸ್ ಕೂಡ ಒಳಗೆ ಹೋದರೆ ಪೆಪ್ಟೈಡಿಗೆ ಶಹಬ್ಬಾಸ್ ಹೇಳಬೇಡಿ.

ಇದು ದೋಷವೇ?

ಕೆಲವೊಮ್ಮೆ ಅಲ್ಲ. ಡೈಫೆಲಿಕೆಫಾಲಿನ್ ಡಿ-ಅಮಿನೋ ಆಮ್ಲಗಳ ಪೆಪ್ಟೈಡ್, ಕಪ್ಪಾ ಎಂಬ ಇನ್ನೊಂದು ಬಗೆಯ ಓಪಿಯಾಯ್ಡ್ ರಿಸೆಪ್ಟರಿನ ಮೇಲೆ ಕೆಲಸ ಮಾಡುತ್ತದೆ. ಮಿದುಳಿಗೆ ಹೆಚ್ಚು ಹೋಗಬಾರದು ಎಂದೇ ಅದನ್ನು ಕಟ್ಟಿದ್ದು. ಹಿಮೋಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಕಾಡುವ ತುರಿಕೆಗೆ ಅಮೆರಿಕದ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಪ್ರತಿ ಡಯಾಲಿಸಿಸ್ ಮುಗಿಯುವಾಗ ಕಿಲೋ ತೂಕಕ್ಕೆ 0.5 ಮೈಕ್ರೋಗ್ರಾಂ, ರಕ್ತನಾಳಕ್ಕೆ. ನಿಮ್ಮ ಪೆಪ್ಟೈಡ್ ಕರುಳನ್ನು ಹಿಡಿದು ಬಾಲವನ್ನು ಬಿಟ್ಟರೆ, ಕಸದ ಬುಟ್ಟಿಗೆ ಹಾಕುವ ಮುಂಚೆ ತುರಿಕೆ, ಊದಿದ ಪಾದದ ನೋವು ಇವನ್ನಾದರೂ ನೋಡಿ.

ಇಲ್ಲ, ಒಳಗೇ ಹೋಗಬೇಕು ಎಂದಾದರೆ ರಿಪೇರಿ ದೋಷದ ಜಾಗದಲ್ಲೇ ಆಗಬೇಕು. ಕಿಣ್ವ ತಿನ್ನುತ್ತಿದ್ದರೆ ಡಿ-ಅಮಿನೋ ಆಮ್ಲ ಅಥವಾ ಉಂಗುರ. ಪಂಪ್ ತಳ್ಳುತ್ತಿದ್ದರೆ ಉಂಗುರದಿಂದ ಏನೂ ಆಗುವುದಿಲ್ಲ, ಡಿಪಿಡಿಪಿಇಯ ಕಥೆ ನೋಡಿದಿರಲ್ಲ. ಪೊರೆಯೇ ತೊಂದರೆ ಎಂದಾದರೆ ಸಕ್ಕರೆ ಅಂಟಿಸಿ ನೋಡಬಹುದು. 1994ರಲ್ಲಿ ಅರಿಜೋನಾದ ಪೋಲ್ಟ್ ತಂಡ ಎನ್‌ಕೆಫಲಿನ್‌ಗೆ ಗ್ಲೂಕೋಸ್ ಸೇರಿಸಿ, ಮಿದುಳಿನ ಹೊರಗೆ ಕೊಟ್ಟೂ ಇಲಿಗಳ ನೋವು ಕಡಿಮೆ ಮಾಡಿತು.

ನಮ್ಮ ಆ ಬಿಸಿನೀರಿನ ಇಲಿಗಳ ಕಥೆ ಏನಾಯಿತು ಎಂದರೆ, ಬಾಲ ತಣಿದ ಮೇಲೆ ಮತ್ತೆ ಮಾಡಿದೆವು. ಬಾಲ ಮೂರರ ಬದಲು ನಾಲ್ಕು ಸೆಕೆಂಡ್ ನಿಂತಿತು, ಸಲೈನ್ ಗುಂಪೂ ಹೆಚ್ಚುಕಡಿಮೆ ಅಷ್ಟೇ. ಇದ್ದಿಲಿನ ಗಂಜಿ ಮಾತ್ರ ಕರುಳಿನ ಅರ್ಧ ದಾರಿಯೂ ಹೋಗಿರಲಿಲ್ಲ. ಥೀಸಿಸ್‌ನ ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆದೆವು: "ಈ ಡೋಸಿನಲ್ಲಿ ಪೆಪ್ಟೈಡ್ ರಕ್ತದಲ್ಲಿ ಸಕ್ರಿಯವಾಗಿದೆ, ನೋವು ತಡೆಯುವಷ್ಟು ಮಿದುಳಿನಲ್ಲಿ ಸೇರುತ್ತಿಲ್ಲ, ಪಂಪ್ ಕಾರಣವೇ ಎಂದು ನೋಡಿಲ್ಲ." ಗೈಡ್ ಕೊನೆಯ ತುಂಡಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಸೈಕ್ಲೋಸ್ಪೋರಿನ್‌ಗೆ ಇಂಡೆಂಟ್ ಹಾಕಿ ಎಂದರು.